ಆಂಗ್ಲ ಶಬ್ದಗಳನ್ನು ನೆನಪಿನಲ್ಲಿಡುವ ಕ್ರಮ

ಪರೀಕ್ಷೆಯು ಸಮೀಪಿಸಿದೊಡನೆ ನಮ್ಮ ಬಾಲಕಿಯರು ಇಂಗ್ಲೀಷಿನ ಕಠಿಣ ಶಬ್ದಗಳನ್ನು ಪಟ್ಟಿಮಾಡಿಕೊಂಡು, ನಿದ್ದೆಗೆಟ್ಟು ಕಂಠಪಾಠ ಮಾಡುವದುಂಟು. ಅಧ್ಯಾಪಿಕೆಯಾದ ಮೊದಲ ವರ್ಷಗಳಲ್ಲಿ ನಾನೂ ದಿನಕ್ಕೆ ಐವತ್ತು ಶಬ್ದಗಳನ್ನು ಒಪ್ಪಿಸಬೇಕೆಂದು ವಿಧಿಸುತ್ತಿದ್ದೆನು. ಒಮ್ಮೆ ಒಬ್ಬ ಬಾಲಕಿಯು ತನ್ನ ತಾಯಿಯ ವಿಷಯವಾಗಿ ಪ್ರಬಂಧ ಬರೆಯುತ್ತಾ, ಶ್ರಮಪಟ್ಟು ದುಡಿಯುವವಳು ಎಂಬರ್ಥದ ‘ಇಂಡಸ್ಟ್ರಿಯಸ್’ ಎಂಬುದಕ್ಕೆ ಬದಲಾಗಿ, ಕಾರ್ಖಾನೆಗಳಿಗೆ ಸಂಬಂಧಿಸಿದ ‘ಇಂಡಸ್ಟ್ರಿಯಲ್’ ಎಂದು ಬರೆದಳು. ತರಗತಿಯೆಲ್ಲಾ ನಕ್ಕಿತು, ಅವಳು ಅತ್ತಳು. ಹಿಂದಿನ ವಾರವೇ ಅವೆರಡನ್ನೂ ಅವಳು ತಪ್ಪಿಲ್ಲದೆ ಒಪ್ಪಿಸಿದ್ದಳು. ದೋಷವು ಅವಳದಲ್ಲ, ನನ್ನ ಕ್ರಮದ್ದೆಂದು ಅಂದು ತಿಳಿದೆನು.

ಮರೆವಿಗೂ ಒಂದು ನಿಯಮವುಂಟು. ಜರ್ಮನಿಯ ಹೆರ್ಮನ್ ಎಬ್ಬಿಂಗ್‌ಹೌಸರು ಅರ್ಥವಿಲ್ಲದ ಅಕ್ಷರಗುಂಪುಗಳನ್ನು ತಾವೇ ಕಲಿತು, ತಮ್ಮ ಮರೆವನ್ನು ಅಳೆದು, 1885ರಲ್ಲಿ ಅದನ್ನು ಗ್ರಂಥರೂಪವಾಗಿ ಪ್ರಕಟಿಸಿದರು. ಕಲಿತದ್ದರ ಬಹುಭಾಗವು ಮೊದಲ ದಿನದಲ್ಲೇ ಜಾರಿಹೋಗುವದು, ಅನಂತರ ಮರೆವು ನಿಧಾನವಾಗುವದು. ಹಲವು ದಿನಗಳಿಗೆ ಹಂಚಿ ಕಲಿತದ್ದು ಒಮ್ಮೆಲೇ ಕಲಿತದ್ದಕ್ಕಿಂತ ಚೆನ್ನಾಗಿ ನಿಲ್ಲುವದು. ಆದಕಾರಣ ದಿನಕ್ಕೆ ಎಂಟು ಶಬ್ದಗಳು ಸಾಕು. ಅವನ್ನು ಮರುದಿನ, ನಾಲ್ಕನೆಯ ದಿನ, ವಾರದ ಮೇಲೆ, ತಿಂಗಳ ಮೇಲೆ ಪುನಃ ಪರೀಕ್ಷಿಸಿಕೊಳ್ಳಬೇಕು. ಬರಿದೇ ಕಣ್ಣಾಡಿಸುವದು ಸಾಲದು. ಅರ್ಥವನ್ನು ಕೈಯಿಂದ ಮುಚ್ಚಿ, ಮನಸ್ಸಿನಿಂದಲೇ ಹೊರತರಬೇಕು.

ಎರಡನೆಯದಾಗಿ, ಶಬ್ದಗಳನ್ನು ಕುಟುಂಬಗಳಾಗಿ ಕಲಿಯತಕ್ಕದ್ದು. ಸಂಸ್ಕೃತದ ಒಂದೇ ಧಾತುವಿನಿಂದ ಆಹಾರ, ವಿಹಾರ, ಸಂಹಾರ, ಪರಿಹಾರಗಳು ಹುಟ್ಟಿದಂತೆ, ‘ನೋಡು’ ಎಂಬರ್ಥದ ಲ್ಯಾಟಿನ್ ಧಾತುವಿನಿಂದ ಇಂಗ್ಲೀಷಿಗೆ ಅನೇಕ ಶಬ್ದಗಳು ಬಂದಿವೆ. ‘ಇನ್‌ಸ್ಪೆಕ್ಟ್’ ಎಂದರೆ ಒಳಹೊಕ್ಕು ನೋಡುವದು. ‘ರೆಟ್ರೊಸ್ಪೆಕ್ಟ್’ ಎಂದರೆ ಹಿಂದಿರುಗಿ ನೋಡುವದು. ‘ಸರ್ಕಮ್‌ಸ್ಪೆಕ್ಟ್’ ಎಂದರೆ ಸುತ್ತಲೂ ನೋಡಿ ಎಚ್ಚರಿಕೆಯಿಂದ ನಡೆಯುವವನು. ಬೇರನ್ನು ಅರಿತವಳಿಗೆ ಕೊಂಬೆಗಳ ಗುರುತು ಸುಲಭ.

ಮೂರನೆಯದಾಗಿ, ಪ್ರತಿಯೊಂದು ಶಬ್ದವನ್ನೂ ತನ್ನ ಮನೆಯ, ತನ್ನ ಊರಿನ ವಿಷಯವಾದ ಒಂದು ಸ್ವಂತ ವಾಕ್ಯದಲ್ಲಿ ಪ್ರಯೋಗಿಸಬೇಕು.

ತಮಗೆ ಇಂಗ್ಲೀಷ್ ಬಾರದೆಂದು ತಾಯಂದಿರು ಹಿಂಜರಿಯಬೇಕಾಗಿಲ್ಲ. ಸಂಜೆಯ ಹೊತ್ತು, “ಇಂದು ಕಲಿತ ಶಬ್ದವೇನು ಮಗಳೇ? ಕನ್ನಡದಲ್ಲಿ ತಿಳಿಸಿ ಹೇಳು” ಎಂದು ಕೇಳಿದರೆ ಸಾಕು. ಪರರಿಗೆ ತಿಳಿಯುವಂತೆ ಹೇಳಬಲ್ಲವಳಿಗೆ ಆ ಶಬ್ದವು ಸ್ವಂತವಾಗುವದು.

ಮೇಲೆ ಹೇಳಿದ ಬಾಲಕಿಯು ‘ಇಂಡಸ್ಟ್ರಿಯಸ್’ ಎಂಬುದನ್ನು ಹೀಗೆಯೇ ತನ್ನ ತಾಯಿಗೆ ವಿವರಿಸಿದಳು. ತಾಯಿಯವರು ಒರಳಿನಿಂದ ಕೈಯೆತ್ತದೆಯೇ, “ಹಾಗಾದರೆ ಅದು ನಾನೇ ಅಲ್ಲವೇ?” ಎಂದರಂತೆ. ಆ ಶಬ್ದವನ್ನು ಅವಳು ಮತ್ತೆಂದೂ ಮರೆಯಲಿಲ್ಲ.