ಖಾಲಿ ಮಂಚದ ಬಾಡಿಗೆ

ಶಾಲಾ ಶಿಕ್ಷಕರ ಬೇಸಿಗೆ ರಜೆ ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆಯ ತನಕ. ತಿಪಟೂರಿನ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವ ನನಗೆ ರಜೆ ಇರುವಾಗ ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಓದುವ ಮಗಳಿಗೆ ಇಂಟರ್ನಲ್ಸ್ ಗಡಿಬಿಡಿ. ಅವಳ ಸೆಮಿಸ್ಟರ್ ಪರೀಕ್ಷೆ ಮುಗಿಯುವಷ್ಟರಲ್ಲಿ ಇಲ್ಲಿ ಶಾಲೆ ಶುರುವಾಗಿ, ಮಳೆ ಹಿಡಿದು, ಆಷಾಢ ಬಂದಿರುತ್ತದೆ. ಮೈಸೂರಿನಲ್ಲಿ ಬಿ.ಎಸ್ಸಿ ಓದುವ ಮಗನ ವಿಶ್ವವಿದ್ಯಾಲಯದ್ದು ಮತ್ತೊಂದೇ ಪಂಚಾಂಗ. ಎಲ್ಲರೂ ಒಟ್ಟಿಗೆ ಜಗಲಿಯಲ್ಲಿ ಕೂತು ಮಾವಿನಹಣ್ಣು ತಿನ್ನುವ ಬೇಸಿಗೆ ಅವರ ಪಿಯುಸಿಯ ಜೊತೆಗೇ ಮುಗಿಯಿತು.

ಕಾಲೇಜು ವರ್ಷ ಅಂದರೆ ಹತ್ತು ತಿಂಗಳು ಎಂದೇ ಎಲ್ಲರ ಲೆಕ್ಕ. ಸರ್ಕಾರದ್ದೂ ಅದೇ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ವಿದ್ಯಾರ್ಥಿಗಳಿಗೆ ಊಟ, ವಸತಿಗೆಂದು ಕೊಡುವ ವಿದ್ಯಾಸಿರಿ ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳಿಗೆ 15,000. ಸಾರಿಗೆ ನಿಗಮದ ಕಾಲೇಜು ಪಾಸಿಗೂ ಹತ್ತೇ ತಿಂಗಳ ಆಯುಸ್ಸು. ಹೆತ್ತವರ ಜೇಬಿಗೆ ಮಾತ್ರ ವರ್ಷಕ್ಕೆ ಹನ್ನೆರಡು ತಿಂಗಳು. ಉಳಿದ ಆ ಎರಡು ತಿಂಗಳೇ ನನ್ನ ಅನುಭವದಲ್ಲಿ ಅತಿ ದುಬಾರಿ. ಮುಂದಿನ ವರ್ಷದ ಫೀಸು, ಪಿ.ಜಿ.ಯಲ್ಲಿ ಮಂಚ ಉಳಿಸಿಕೊಳ್ಳುವ ಖರ್ಚು, ಇಂಟರ್ನ್‌ಶಿಪ್ ಓಡಾಟ, ಒಂದು ಸಬ್ಜೆಕ್ಟ್ ಉಳಿದಿದ್ದರೆ ಮರುಪರೀಕ್ಷೆಯ ಶುಲ್ಕ, ಅದೇ ಹೊತ್ತಿಗೆ ಕೈಕೊಡುವ ಲ್ಯಾಪ್‌ಟಾಪಿನ ಬ್ಯಾಟರಿ, ಎಲ್ಲವೂ ಜುಲೈಯಿಂದ ಸೆಪ್ಟೆಂಬರ್ ಒಳಗೇ ಬಂದು ಬೀಳುತ್ತವೆ.

ಮಂಚದ ವಿಷಯವನ್ನೇ ತೆಗೆದುಕೊಳ್ಳಿ. ಮಗಳ ಪಿ.ಜಿ. ವಿಜಯನಗರದಲ್ಲಿದೆ. ಇಬ್ಬರ ರೂಮು, ಊಟ ತಿಂಡಿ ಸೇರಿ ತಿಂಗಳಿಗೆ 8,500. ಸೇರುವಾಗ 10,000 ಅಡ್ವಾನ್ಸ್. ಬಿಡುವಾಗ ಅದರಲ್ಲಿ 3,000 ಮೇಂಟೆನೆನ್ಸ್ ಅಂತ ಮುರಿದುಕೊಳ್ಳುತ್ತಾರೆ. ಎರಡು ತಿಂಗಳು ಊರಲ್ಲಿದ್ದರೂ ಪೂರ್ತಿ ಬಾಡಿಗೆ ಕಟ್ಟಿದರೆ 17,000 ಕೈಬಿಡುತ್ತದೆ. ಖಾಲಿ ಮಾಡೋಣವೆಂದರೆ 3,000 ಹೋಯಿತು, ಸಾಮಾನು ಸಾಗಿಸಲು ಹೋಗಿಬರುವ ಬಾಡಿಗೆ ಹೋಯಿತು, ಸೆಪ್ಟೆಂಬರಿನಲ್ಲಿ ಹೊಸ ಮಕ್ಕಳ ನೂಕುನುಗ್ಗಲಿನಲ್ಲಿ ಇದೇ ಬೆಲೆಗೆ, ಕಾಲೇಜಿಗೆ ಇಷ್ಟೇ ಹತ್ತಿರ ಜಾಗ ಸಿಗುತ್ತದೆಂಬ ಖಾತರಿಯೂ ಇಲ್ಲ.

ನಾನೇ ಹೋಗಿ ಪಿ.ಜಿ. ನಡೆಸುವ ಆಂಟಿಯ ಮುಂದೆ ಕೂತೆ. "ಊಟ ಇಲ್ಲ, ಕರೆಂಟಿಲ್ಲ, ಬಿಸಿನೀರಿಲ್ಲ. ಬರೀ ಮಂಚಕ್ಕೆ ಎಷ್ಟು ಹೇಳಿ."

"ಮೇಡಂ, ಆ ಮಂಚಕ್ಕೆ ಸಿಇಟಿ ಮಕ್ಕಳು ಕ್ಯೂ ನಿಲ್ತಾರೆ."

"ಸೀಟು ಹಂಚಿಕೆ ಆದಮೇಲೆ ತಾನೇ ಕ್ಯೂ? ಅಲ್ಲೀವರೆಗೆ ಖಾಲಿನೇ ಅಲ್ವಾ? ಮಧ್ಯೆ ಯಾರಾದ್ರೂ ಹದಿನೈದು ದಿನಕ್ಕೆ ಬಂದ್ರೆ ಮಲಗಿಸಿಕೊಳ್ಳಿ, ನಮ್ಮದೇನೂ ಅಡ್ಡಿ ಇಲ್ಲ."

ಈ ಕೊನೆಯ ಮಾತು ಕೆಲಸ ಮಾಡಿತು. ತಿಂಗಳಿಗೆ 4,000ಕ್ಕೆ ಒಪ್ಪಿದರು. ಮಗಳು ಹಾಸಿಗೆ ಸುತ್ತಿ ಕಟ್ಟಿ, ಬಕೆಟ್ಟಿನೊಳಗೆ ಮಗ್ಗು, ಮಗ್ಗಿನೊಳಗೆ ಸೋಪಿನ ಡಬ್ಬಿ ಇಟ್ಟು, ಎಲ್ಲದರ ಮೇಲೂ ಮಾರ್ಕರ್‌ನಲ್ಲಿ ರೂಮಿನ ನಂಬರ್ ಬರೆದು ಅಟ್ಟಕ್ಕೆ ಏರಿಸಿದಳು. ಮಾತು ಮುಗಿದ ಮೇಲೆ ಅಲ್ಲೇ ಕೂತು ಆಂಟಿಗೆ ವಾಟ್ಸ್‌ಆ್ಯಪ್ ಮಾಡಿದೆ: ಇಂಥ ತಿಂಗಳಿಂದ ಇಂಥ ತಿಂಗಳವರೆಗೆ, ಇಷ್ಟು ಹಣ, ಅಡ್ವಾನ್ಸ್ ಹಾಗೇ ಇದೆ. ಅವರು ಹೆಬ್ಬೆರಳಿನ ಗುರುತು ಕಳಿಸಿದರು. ಬಾಯಿಮಾತಿಗಿಂತ ಅದು ವಾಸಿ. ಇನ್ನೊಂದು ಸಂಗತಿ: ತಲೆಗೆ ತಿಂಗಳಿಗೆ 20,000 ರೂಪಾಯಿ ಮೀರದ, ಕನಿಷ್ಠ 90 ದಿನ ಸತತವಾಗಿ ಇರುವ ಇಂಥ ವಸತಿಗೆ 2024ರ ಜುಲೈಯಿಂದ ಜಿಎಸ್‌ಟಿ ಇಲ್ಲ. ಬಿಲ್ಲಿನಲ್ಲಿ ಆ ಹೆಸರಿನ ಸಾಲು ಕಂಡರೆ ಸುಮ್ಮನೆ ಕಟ್ಟಬೇಡಿ, ಕೇಳಿ.

ಫೀಸಿನ ಮಾತಿಗೆ ಬರೋಣ. ಸಿಇಟಿ ಸೀಟಾದರೆ ಮೊದಲ ವರ್ಷದ್ದನ್ನು ಪರೀಕ್ಷಾ ಪ್ರಾಧಿಕಾರಕ್ಕೆ ಕಟ್ಟುತ್ತೇವೆ. ಎರಡನೇ ವರ್ಷದಿಂದ ನೇರವಾಗಿ ಕಾಲೇಜಿಗೆ. ಕಾಲೇಜಿನ ಚಲನ್‌ನಲ್ಲಿ ಬೋಧನಾ ಶುಲ್ಕದ ಕೆಳಗೆ ಬಾಲದ ಹಾಗೆ ಬೇರೆ ಬೇರೆ ಬಾಬತ್ತುಗಳು ಸೇರಿಕೊಳ್ಳುತ್ತವೆ. ಅದಕ್ಕೇ ನಾನು ಪ್ರತಿ ಸೆಪ್ಟೆಂಬರಿನಲ್ಲಿ ಹನ್ನೆರಡು ತಿಂಗಳ ಆರ್‌ಡಿ ಒಂದನ್ನು ಶುರುಮಾಡುತ್ತೇನೆ. ತಿಂಗಳಿಗೆ 5,000. ಮರುವರ್ಷ ಕಾಲೇಜು ತೆರೆಯುವ ಹೊತ್ತಿಗೆ ಅರವತ್ತು ಸಾವಿರ, ಮೇಲೊಂದಿಷ್ಟು ಬಡ್ಡಿ. ಆರ್‌ಡಿಯ ಬಡ್ಡಿ ಹೇಳಿಕೊಳ್ಳುವಂಥದ್ದಲ್ಲ, ಗೊತ್ತಿದೆ. ಶೇರು ಪೇಟೆ ಗೊತ್ತಿರುವ ಸಹೋದ್ಯೋಗಿಯೊಬ್ಬರು ಪ್ರತಿ ಸಲವೂ ನನ್ನನ್ನು ಅಣಕಿಸುತ್ತಾರೆ. ಹತ್ತು ವರ್ಷ ಬಿಟ್ಟು ಬೇಕಾಗುವ ದುಡ್ಡಿಗೆ ಅವರ ಮಾತು ಸರಿ. ಹತ್ತು ತಿಂಗಳಿಗೆ ಬೇಕಾಗುವ ದುಡ್ಡಿಗೆ ಪೇಟೆಯ ಏರಿಳಿತ ಕಟ್ಟಿಕೊಂಡು ಏನಾಗಬೇಕು? ನಮ್ಮ ಮನೆಯವರ ತೋಟದ ಆದಾಯ ಮೊದಲೇ ಕೊಬ್ಬರಿ ಧಾರಣೆಯ ಮರ್ಜಿಯಲ್ಲಿದೆ. ಮನೆಗೆ ಅಷ್ಟು ಏರಿಳಿತ ಸಾಕು.

ಆರ್‌ಡಿಗೆ ಮೀರಿದ್ದಕ್ಕೆ ಬ್ಯಾಂಕಿನ ಶಿಕ್ಷಣ ಸಾಲ ಇದೆ. ನಾಲ್ಕು ಲಕ್ಷದವರೆಗೆ ಕೈಯಿಂದ ಹಾಕಬೇಕಾದ ಪಾಲೂ ಇಲ್ಲ, ಅಡಮಾನವೂ ಇಲ್ಲ. ಓದು ಮುಗಿದು ಒಂದು ವರ್ಷದ ತನಕ ಕಂತು ಕಟ್ಟಬೇಕಾಗಿಲ್ಲ ಎಂದು ಮ್ಯಾನೇಜರು ಹೇಳಿದಾಗ ಎಲ್ಲರ ಮುಖ ಅರಳುತ್ತದೆ. ಬಡ್ಡಿ ಮಾತ್ರ ಮೊದಲ ದಿನದಿಂದಲೇ ಓಡುತ್ತಿರುತ್ತದೆ. ಶೇ 10ರ ಬಡ್ಡಿಗೆ ವರ್ಷಕ್ಕೊಂದು ಲಕ್ಷದಂತೆ ನಾಲ್ಕು ವರ್ಷ ತೆಗೆದರೆ, ಐದನೇ ವರ್ಷದ ಕೊನೆಗೆ ಸರಳ ಬಡ್ಡಿಯೇ 1,40,000 ಆಗುತ್ತದೆ. ಮಕ್ಕಳ ಮೊದಲ ಸಂಬಳದ ಮೇಲೆ ಕೂರುವುದು ನಾಲ್ಕು ಲಕ್ಷವಲ್ಲ, 5,40,000. ಅದರ ಬದಲು ಬಡ್ಡಿಯನ್ನಷ್ಟೇ ನಾವು ತಿಂಗಳು ತಿಂಗಳು ತುಂಬುತ್ತ ಹೋದರೆ ಮೊದಲ ವರ್ಷ ತಿಂಗಳಿಗೆ 833 ರೂಪಾಯಿ, ಎರಡನೇ ವರ್ಷ 1,667, ಮೂರನೇ ವರ್ಷ 2,500, ಆಮೇಲೆ 3,333. ಹೀಗೆ ತುಂಬುವವರಿಗೆ ಹಲವು ಬ್ಯಾಂಕುಗಳು ಬಡ್ಡಿ ದರದಲ್ಲಿ ಶೇ 1ರಷ್ಟು ರಿಯಾಯಿತಿಯನ್ನೂ ಕೊಡುತ್ತವೆ. ನಮ್ಮ ಮನೆಯ ಒಪ್ಪಂದ ಇದೇ: ಬಡ್ಡಿ ನಮ್ಮದು, ಅಸಲು ಮಗಳದು.

"ಸಾಲ ಮಾಡಿ, ಟ್ಯಾಕ್ಸ್ ಉಳಿಯುತ್ತೆ" ಎನ್ನುವವರು ಸ್ಟಾಫ್ ರೂಮಿಗೊಬ್ಬರು ಇದ್ದೇ ಇರುತ್ತಾರೆ. 80ಇ ಕಲಮಿನಡಿ ಬಡ್ಡಿಗೆ ಸಿಗುತ್ತಿದ್ದ ವಿನಾಯಿತಿ ಹಳೆಯ ಪದ್ಧತಿಯವರಿಗೆ ಮಾತ್ರ. 80ಸಿಯಲ್ಲಿ ತೋರಿಸುವ ಬೋಧನಾ ಶುಲ್ಕವೂ ಹಾಗೆಯೇ. ಅದರಲ್ಲಿ ಹಾಸ್ಟೆಲ್, ಡೊನೇಶನ್ ಸೇರುವುದಿಲ್ಲ. 2025–26ರಿಂದ ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗಿನ ಆದಾಯಕ್ಕೆ ತೆರಿಗೆಯೇ ಬೀಳುವುದಿಲ್ಲ, ಸಂಬಳದಾರರಿಗೆ ಸ್ಟ್ಯಾಂಡರ್ಡ್ ಡಿಡಕ್ಷನ್ ಸೇರಿ 12,75,000. ಕಟ್ಟದ ತೆರಿಗೆಯಲ್ಲಿ ಉಳಿಸುವುದೇನು? ನಮ್ಮಂಥ ಸಂಬಳದವರು ಸಾಲ ಬೇಕಿದ್ದರೆ ಮಾಡಬೇಕು, ತೆರಿಗೆಯ ನೆಪಕ್ಕಲ್ಲ. ಹೆಸರಾಂತ ಸಂಸ್ಥೆಯಲ್ಲಿ ಸೀಟು ಸಿಕ್ಕವರು ಪಿಎಂ ವಿದ್ಯಾಲಕ್ಷ್ಮಿಯನ್ನು ನೋಡಲೇಬೇಕು: ಕುಟುಂಬದ ಆದಾಯ ಎಂಟು ಲಕ್ಷದೊಳಗಿದ್ದು ಬೇರೆ ಸರ್ಕಾರಿ ನೆರವು ಪಡೆಯದಿದ್ದರೆ, ಹತ್ತು ಲಕ್ಷದವರೆಗಿನ ಸಾಲಕ್ಕೆ ಓದುವ ಅವಧಿಯಲ್ಲಿ ಶೇ 3ರ ಬಡ್ಡಿ ಸಹಾಯಧನ ಉಂಟು.

ಸ್ಕಾಲರ್‌ಶಿಪ್ ವಿಷಯ ಚಿಕ್ಕದಾಗಿ ಮುಗಿಸುತ್ತೇನೆ. ಎಸ್‌ಎಸ್‌ಪಿ ಪೋರ್ಟಲಿನಲ್ಲಿ ಅರ್ಜಿ ಹಾಕುವ ಮುಂಚೆ ಮಗುವಿನ ಖಾತೆಗೆ ಆಧಾರ್ ಜೋಡಣೆ ಆಗಿದೆಯೇ ನೋಡಿ, ಜಾತಿ ಮತ್ತು ಆದಾಯ ಪ್ರಮಾಣಪತ್ರದಲ್ಲಿ ಹೆಸರಿನ ಕಾಗುಣಿತ ಒಂದೇ ಇದೆಯೇ ನೋಡಿ. ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಗಳು ಈಗಲೂ ನನ್ನ ಬಳಿ ಹೊತ್ತು ತರುವ ತೊಂದರೆಗಳಲ್ಲಿ ಮುಕ್ಕಾಲು ಪಾಲು ಇನಿಷಿಯಲ್‌ನದೇ. ರೈತರಾದರೆ ರೈತರ ಗುರುತಿನ ಸಂಖ್ಯೆ (ಎಫ್‌ಐಡಿ) ಮಾಡಿಸಿಡಿ. ರೈತ ವಿದ್ಯಾನಿಧಿಯಲ್ಲಿ ಎಂಜಿನಿಯರಿಂಗ್ ಓದುವ ಹುಡುಗರಿಗೆ ವರ್ಷಕ್ಕೆ 10,000, ಹುಡುಗಿಯರಿಗೆ 11,000 ನಿಗದಿಯಾಗಿದೆ. ಈ ಹಣ ಬರುವ ತಿಂಗಳು ಯಾವುದೆಂದು ಮಾತ್ರ ಹೇಳಲಾಗದು. ಬಂದರೆ ಆರ್‌ಡಿಗೆ ಸೇರಿಸಿ, ಬರುತ್ತದೆಂದು ನಂಬಿ ಖರ್ಚು ಮಾಡಬೇಡಿ.

ತಿಂಗಳ ಕೈಖರ್ಚಿನದು ದೊಡ್ಡ ಚರ್ಚೆ. ಮಗಳಿಗೆ ಒಂದನೇ ತಾರೀಖು 4,000, ಮೆಸ್ ಬಿಲ್ ಬೇರೆ ಕಟ್ಟುವ ಮಗನಿಗೆ 3,000. ನಮ್ಮ ಮನೆಯವರು ಮಾತ್ರ ಯುಪಿಐ ಸರ್ಕಲ್ ಪಕ್ಷ. ಖಾತೆ ನಮ್ಮದೇ, ಮಕ್ಕಳ ಫೋನಿನಿಂದ ಪಾವತಿ. ತಿಂಗಳಿಗೆ ಹೆಚ್ಚೆಂದರೆ 15,000, ಒಂದು ಸಲಕ್ಕೆ 5,000 ಎಂಬ ಮಿತಿಯೊಳಗೆ ನಾವು ಬೇಕಾದಷ್ಟಕ್ಕೆ ಕಟ್ಟು ಹಾಕಬಹುದು. ಪ್ರಯೋಗಕ್ಕೆಂದು ಮಗನಿಗೆ ಕೆಲವು ದಿನ ಹಾಗೆ ಮಾಡಿಕೊಟ್ಟೆವು. ಅಷ್ಟೇ, ನಮ್ಮ ಮನೆಯವರ ಫೋನು ಟಿಂಗ್ ಟಿಂಗ್ ಅನ್ನಲು ಶುರುವಾಯಿತು. ಟೀ 15, ಜೆರಾಕ್ಸ್ 6, ಚುರುಮುರಿ 30. ರಾತ್ರಿ ಹತ್ತೂವರೆಗೆ 70 ಬಂತು. "ಏನೇ ಇದು, ಇಷ್ಟೊತ್ತಲ್ಲಿ ಎಪ್ಪತ್ತು ರೂಪಾಯಿ?" ಎಂದು ತೋಟದ ಪಂಪ್‌ಸೆಟ್ ಚಿಂತೆ ಬಿಟ್ಟು ಕೂತರು. ಫೋನ್ ಮಾಡಿದರೆ, "ಅಪ್ಪಾ, ಎಗ್‌ರೈಸ್" ಎಂದ ಮಗ. ನಮ್ಮದು ಮೊಟ್ಟೆ ತಿನ್ನದ ಮನೆ. ಎಪ್ಪತ್ತು ರೂಪಾಯಿಗೆ ತಿಳಿಯಬೇಕಾಗಿಲ್ಲದ ಒಂದು ವಿಷಯ ತಿಳಿದಂತಾಯಿತು.

ಆ ವ್ಯವಸ್ಥೆಯನ್ನು ನಿಲ್ಲಿಸಿದೆವು. ನನ್ನ ಮಟ್ಟಿಗೆ ಕೊಟ್ಟ ಮೇಲೆ ಹಣ ಅವರದು. ಇಪ್ಪತ್ತೈದನೇ ತಾರೀಖಿಗೇ ಮುಗಿದರೆ ಮುಂದಿನ ತಿಂಗಳದ್ದರಲ್ಲಿ ಮುಂಗಡ ಕೊಡುತ್ತೇನೆ, ಮೇಲುಪಡಿ ಕೊಡುವುದಿಲ್ಲ. ಆಸ್ಪತ್ರೆಗೆ ಮಾತ್ರ ಈ ಲೆಕ್ಕ ಅನ್ವಯಿಸದು. ಅದಕ್ಕೆ ಇಬ್ಬರ ಖಾತೆಯಲ್ಲೂ ಮುಟ್ಟಬಾರದ 5,000 ಇದೆ, ಕುಟುಂಬದ ಆರೋಗ್ಯ ವಿಮೆಯ ಕಾರ್ಡಿನ ಫೋಟೊ ಅವರ ಫೋನಿನಲ್ಲಿದೆ. ಕುಟುಂಬದ ಪಾಲಿಸಿಗಳಲ್ಲಿ ಸಾಮಾನ್ಯವಾಗಿ 25 ವರ್ಷದವರೆಗೆ ಓದುವ ಮಕ್ಕಳು ಒಳಗಿರುತ್ತಾರೆ. ನಿಮ್ಮದರಲ್ಲಿ ಎಷ್ಟೆಂದು ತೆಗೆದು ಓದಿ.

ಊರಿಗೆ ಬಂದುಹೋಗುವ ಖರ್ಚಿನಲ್ಲಿ ಮಗಳು ರಾಣಿ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ ಅವಳಿಗೆ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಶೂನ್ಯ ಟಿಕೆಟ್. ರಾಜಹಂಸ ಹತ್ತಿದರೆ ಮಾತ್ರ ದುಡ್ಡು. ಮಗ ಪ್ರತಿ ಸಲವೂ ಟಿಕೆಟ್ ತೆಗೆಯುತ್ತಾನೆ, ಪ್ರತಿ ಸಲವೂ ಸಮಾನತೆಯ ಬಗ್ಗೆ ಭಾಷಣ ಮಾಡುತ್ತಾನೆ. ಅವನಿಗೆ ಕೊಡುವ ಬಸ್ ಚಾರ್ಜು ಕೈಖರ್ಚಿಗೆ ಸೇರದು, ಅದು ಬೇರೆ.

ಹೋದ ರಜೆಯಲ್ಲಿ ಮಗಳಿಗೆ ಇಂಟರ್ನ್‌ಶಿಪ್ ಬೇಕಿತ್ತು. ಮೊದಲು ಬಂದದ್ದು ಒಂದು ತರಬೇತಿ ಸಂಸ್ಥೆಯ ಕರೆ: 8,000 ಕಟ್ಟಿ, ಮನೆಯಲ್ಲೇ ಕೂತು ವಿಡಿಯೊ ನೋಡಿ, ಸರ್ಟಿಫಿಕೇಟ್ ತಗೊಳ್ಳಿ. ಅವಳ ಕ್ಲಾಸಿನ ಸುಮಾರು ಮಕ್ಕಳು ಕಟ್ಟಿದರು. ನಾನು ಖಡಾಖಂಡಿತವಾಗಿ ಬೇಡವೆಂದೆ. ಕೆಲಸ ಕಲಿಯಲು ಹೋದವರಿಗೆ ಕಂಪನಿ ದುಡ್ಡು ಕೊಡದಿದ್ದರೂ ಪರವಾಗಿಲ್ಲ, ಅವರಿಂದ ವಸೂಲು ಮಾಡುವುದು ವ್ಯಾಪಾರ. ಕೊನೆಗೆ ಸೀನಿಯರ್ ಒಬ್ಬಳ ಮೂಲಕ ಪೀಣ್ಯದ ಸಣ್ಣ ಕಾರ್ಖಾನೆಯೊಂದರಲ್ಲಿ ನಾಲ್ಕು ವಾರ ಸಿಕ್ಕಿತು. ಸ್ಟೈಪೆಂಡ್ ಇಲ್ಲ, ಮಧ್ಯಾಹ್ನದ ಊಟ ಉಂಟು. ಮೆಟ್ರೊ ದರ 2025ರ ಫೆಬ್ರುವರಿಯಲ್ಲಿ ಏರಿದ ಮೇಲೆ ಗರಿಷ್ಠ ಟಿಕೆಟ್ 90 ರೂಪಾಯಿ. ಅವಳು ಬೆಳಗ್ಗೆ ಬಿಎಂಟಿಸಿ, ತಡವಾದ ದಿನ ಮೆಟ್ರೊ ಎಂದು ತಾನೇ ಲೆಕ್ಕ ಹಾಕಿಕೊಂಡಳು. ಆ ನಾಲ್ಕು ವಾರ ಅಟ್ಟದ ಹಾಸಿಗೆ ಇಳಿಯಿತು, ಪಿ.ಜಿ.ಗೆ ಆ ತಿಂಗಳು ಪೂರ್ತಿ ಬಾಡಿಗೆ ಕಟ್ಟಿದೆವು. ಮಂಚ ಉಳಿಸಿಕೊಂಡಿದ್ದರಿಂದ ಹೊಸ ಜಾಗ ಹುಡುಕುವುದಂತೂ ತಪ್ಪಿತು.

ಮಗನದು ಬೇರೆ ದಾರಿ. ರಜೆಯಲ್ಲಿ ಜಗಲಿಯ ಮೇಲೆ ಹತ್ತನೇ ತರಗತಿಯ ಮಕ್ಕಳಿಗೆ ಸಂಜೆ ಗಣಿತ ಹೇಳಿಕೊಟ್ಟ. ಶಿಕ್ಷಣ ಹಕ್ಕು ಕಾಯ್ದೆ ನನಗೆ ಖಾಸಗಿ ಪಾಠ ಮಾಡಬೇಡ ಎನ್ನುತ್ತದೆ, ಅವನಿಗೆ ಆ ಕಟ್ಟಿಲ್ಲ. ನಮ್ಮ ಶಾಲೆಯ ಮಕ್ಕಳು ಬೇಡ ಎಂಬುದೊಂದೇ ನನ್ನ ಷರತ್ತು. 6,000 ಸಂಪಾದಿಸಿದ. "ಹಾಗಾದ್ರೆ ಎರಡು ತಿಂಗಳು ಅವನಿಗೆ ಕೈಖರ್ಚು ಬೇಡ" ಎಂದರು ನಮ್ಮ ಮನೆಯವರು. ನಾನು ಒಪ್ಪಲಿಲ್ಲ. ದುಡಿದಷ್ಟನ್ನು ಇತ್ತ ಕಡಿತ ಮಾಡಿದರೆ ಮುಂದಿನ ರಜೆಗೆ ಯಾವ ಹುಡುಗ ತಾನೇ ಬೋರ್ಡು, ಚಾಕ್‌ಪೀಸು ಹಿಡಿದಾನು? ಅವನು ಅದರಲ್ಲಿ ಸೆಕೆಂಡ್‌ಹ್ಯಾಂಡ್ ಸೈಕಲ್ ತೆಗೆದುಕೊಂಡ, ಅಕ್ಕನಿಗೆ ಬ್ಯಾಟರಿಗೆಂದು 1,500 ಸಾಲ ಕೊಟ್ಟ. ವಾಪಸ್ ಬಂದಿಲ್ಲವೆಂದು ಈಗಲೂ ನನ್ನ ಹತ್ತಿರ ದೂರುತ್ತಾನೆ.

ಬರುವ ಜೂನಿಗೆ ಮಗಳದು ಕೊನೆಯ ಸೆಮಿಸ್ಟರ್. ಕೆಲಸ ಸಿಕ್ಕರೂ ಸೇರುವ ದಿನವನ್ನು ಕಂಪನಿಗಳು ಮುಂದೂಡುವುದುಂಟು. ಸಿಗದಿದ್ದರೆ ಯುವನಿಧಿ ನಿರುದ್ಯೋಗ ಭತ್ಯೆಯ 3,000ಕ್ಕೂ ಪಾಸಾಗಿ 180 ದಿನ ಕಾಯಬೇಕು. ಅಲ್ಲಿಯವರೆಗೆ ಬೆಂಗಳೂರಿನ ಬಾಡಿಗೆ ಯಾರದು ಎಂಬ ಮಾತು ಮನೆಯಲ್ಲಿ ಆಗಲೇ ಎದ್ದಿದೆ. ನಾನು ಮೂರು ತಿಂಗಳು ಎಂದಿದ್ದೇನೆ. ಪೈಸೆ ಪೈಸೆ ಲೆಕ್ಕ ಕೇಳುತ್ತಿದ್ದ ನಮ್ಮ ಮನೆಯವರು ಆರು ತಿಂಗಳು ಎನ್ನುತ್ತಿದ್ದಾರೆ. ಕೊಬ್ಬರಿ ಈ ಸಲ ಯಾವ ಬೆಲೆಗೆ ಹೋಗುತ್ತದೋ ನೋಡಿಕೊಂಡು ನಾಲ್ಕಕ್ಕೆ ಇತ್ಯರ್ಥ ಮಾಡುವ ಅಂದಾಜಿನಲ್ಲಿದ್ದೇನೆ.