ಸೋಮಾರಿತನವಲ್ಲ, ರೋಗದ ದಣಿವು

ಮಲ್ಟಿಪಲ್ ಸ್ಕ್ಲೆರೋಸಿಸ್‌ನಲ್ಲಿ ಮಿದುಳು, ಬೆನ್ನುಹುರಿಯ ನರಗಳ ಹೊದಿಕೆ ಹಾಳಾಗಿ ಸಂದೇಶಗಳು ತಡವರಿಸುತ್ತವೆ. ನೋಡಲು ಗಟ್ಟಿಮುಟ್ಟಾಗಿದ್ದರೂ, ರಾತ್ರಿಯಿಡೀ ನಿದ್ರಿಸಿದರೂ ದಣಿವು ಆರುವುದಿಲ್ಲ. ಮೈ ಬಿಸಿಯಾದರೆ ಲಕ್ಷಣಗಳು ತಾತ್ಕಾಲಿಕವಾಗಿ ಹೆಚ್ಚುತ್ತವೆ. ಮುಂಬಯಿ, ಚೆನ್ನೈಗಳ ಸೆಕೆಯಲ್ಲಿ ಇದನ್ನು ಮರೆಯಬಾರದು.

ಹೊರಗಿನ ಕೆಲಸ ಬೆಳಗಿನ ತಂಪಿನಲ್ಲೇ ಮುಗಿಯಲಿ. ತರಕಾರಿ ಹೆಚ್ಚುವುದು ಕುಳಿತೇ ಆಗಲಿ. ಸುಸ್ತಾಗುವ ಮುನ್ನವೇ ವಿಶ್ರಾಂತಿ ಬೇಕು. ವೈದ್ಯರು ಹೇಳಿದ ಲಘು ವ್ಯಾಯಾಮ ಬಿಡಬಾರದು. ರಕ್ತಹೀನತೆ, ಥೈರಾಯ್ಡ್, ಖಿನ್ನತೆಗಳನ್ನೂ ಪರೀಕ್ಷಿಸಿಕೊಳ್ಳಿ. ಅವುಗಳಿಂದಾಗುವ ದಣಿವಿಗೆ ಚಿಕಿತ್ಸೆಯಿದೆ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ಈ ರೋಗವೂ ಇದೆ. ಪ್ರಮಾಣಪತ್ರಕ್ಕೆ ಅರ್ಜಿ ಹಾಕಬಹುದು. ದಾನಿಗಳೇ, ತಮ್ಮ ನೆರವು ಔಷಧಿಗಷ್ಟೇ ಅಲ್ಲ, ಆಸ್ಪತ್ರೆಗೆ ಹೋಗುವ ಟ್ಯಾಕ್ಸಿ ಬಾಡಿಗೆಗೂ ಒದಗಲಿ. ರೈಲು ನಿಲ್ದಾಣದ ಮೆಟ್ಟಿಲು ಹತ್ತುವಷ್ಟರಲ್ಲೇ ಇವರ ಆ ದಿನದ ಶಕ್ತಿ ಮುಗಿದಿರುತ್ತದೆ.