ಗಾಳಿಗೆ ಬದಲಿ ಸಿಕ್ಕಿತೇ?

ಪ್ರಶ್ನೆ: ಗಾಳಿಯೇ ಬೇಡದ, ಪಂಕ್ಚರ್ ಆಗದ ಕಾರಿನ ಟೈರಿನ ವಿಡಿಯೊ ನೋಡಿದೆ. ಮೊಳೆಯ ಹಲಗೆ ಹತ್ತಿಸಿದರೂ ಕಾರು ಓಡುತ್ತಲೇ ಇತ್ತು. ನನ್ನ ಕಾರಿನ ನಾಲ್ಕೂ ಟೈರ್ ಸವೆದಿವೆ. ಇನ್ನೊಂದೆರಡು ವರ್ಷ ಹೇಗೋ ತಳ್ಳಿದರೆ ಇವೇ ಸಿಗಬಹುದೇ? ಅಷ್ಟಕ್ಕೂ ಇಷ್ಟು ಸರಳ ಉಪಾಯ ಇಷ್ಟು ಕಾಲ ಯಾರಿಗೂ ಯಾಕೆ ಹೊಳೆಯಲಿಲ್ಲ?
— ಓದುಗರೊಬ್ಬರು, ಹಾಸನ

ಮೊದಲ ಪ್ರಶ್ನೆಗೆ ಉತ್ತರ ಚಿಕ್ಕದು: ಕಾಯಬೇಡಿ. ಎರಡನೆಯದೇ ಸ್ವಾರಸ್ಯದ್ದು. ಗಾಳಿಯಿಲ್ಲದ ಚಕ್ರ ಹೊಸ ಉಪಾಯವಲ್ಲ, ಅದೇ ಹಳೆಯದು. ಎತ್ತಿನ ಗಾಡಿಯ ಮರದ ಚಕ್ರಕ್ಕೆ ಕಬ್ಬಿಣದ ಪಟ್ಟಿ ಹೊಡೆಯುತ್ತಿದ್ದರು. ಆಮೇಲೆ ಗಟ್ಟಿ ರಬ್ಬರು ಬಂತು. ಗಾಳಿ ತುಂಬಿದ ಟೈರು ಬಳಕೆಗೆ ನಿಂತದ್ದು ಇದೆಲ್ಲದರ ನಂತರ. ಸ್ಕಾಟ್ಲೆಂಡಿನ ರಾಬರ್ಟ್ ವಿಲಿಯಂ ಥಾಮ್ಸನ್ 1845ರಲ್ಲಿ ಅದಕ್ಕೆ ಪೇಟೆಂಟ್ ಪಡೆದ, ಕುದುರೆಗಾಡಿಗೆ ಕಟ್ಟಿ ಓಡಿಸಿಯೂ ತೋರಿಸಿದ. ವ್ಯಾಪಾರ ಕುದುರಲಿಲ್ಲ, ಜನ ಮರೆತರು. ಬೆಲ್‌ಫಾಸ್ಟ್‌ನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ಮಗನ ಮೂರು ಚಕ್ರದ ಸೈಕಲ್ಲಿಗೆಂದು ಅದನ್ನೇ ಮತ್ತೆ ಮಾಡಿ 1888ರಲ್ಲಿ ಪೇಟೆಂಟ್ ಪಡೆದ. ಥಾಮ್ಸನ್‌ನ ಹಳೆಯ ಕಾಗದ ಬೆಳಕಿಗೆ ಬಂದಾಗ ಆ ಪೇಟೆಂಟ್ ಬಿದ್ದುಹೋಯಿತು. ಹೆಸರು ಮಾತ್ರ ಡನ್‌ಲಪ್‌ನದೇ ಉಳಿಯಿತು! ಮರದ ಚಕ್ರ ಬಿಟ್ಟು ಟೈರ್ ಗಾಡಿಗೆ ಬಂದ ಕಬ್ಬಿನ ರೈತರನ್ನು ಕೇಳಿ ನೋಡಿ. ಅದೇ ಜೋಡಿ ಎತ್ತು ಮೊದಲಿಗಿಂತ ಎಷ್ಟೋ ಹೆಚ್ಚು ಹೇರು ಎಳೆಯುತ್ತದೆ ಎನ್ನುತ್ತಾರೆ.

ಗಾಳಿ ಇಷ್ಟು ಕೆಲಸ ಮಾಡುವುದು ಹೇಗೆ? ಜನ ಕೂತ ಒಂದು ಕಾರಿನ ತೂಕ 1,200 ಕಿಲೋ ಎನ್ನಿ. ಒಂದೊಂದು ಟೈರಿನ ಪಾಲು 300 ಕಿಲೋ. ಬಂಕಿನಲ್ಲಿ 32 ಹೊಡೆಸಿದರೆ ಒಳಗಿನ ಒತ್ತಡ ಚದರ ಸೆಂಟಿಮೀಟರಿಗೆ ಸುಮಾರು 2.25 ಕಿಲೋ. ಭಾಗಿಸಿ ನೋಡಿ, ಸ್ಥೂಲವಾಗಿ 130 ಚದರ ಸೆಂಟಿಮೀಟರ್ ಬರುತ್ತದೆ. ಟೈರು ರಸ್ತೆಗೆ ತಾಗುವ ಜಾಗ ಇಷ್ಟೇ, ಬೆರಳು ಸೇರಿಸಿ ಒಂದು ಅಂಗೈಯಗಲ. ಗುಂಡಿಯೋ ಕಲ್ಲೋ ಸಿಕ್ಕಾಗ ಒಳಗಿನ ಗಾಳಿ ತುಸು ಅದುಮಿಕೊಂಡು ಮತ್ತೆ ಹಿಗ್ಗುತ್ತದೆ. ಈ ಸ್ಪ್ರಿಂಗಿಗೆ ತೂಕವಿಲ್ಲವೆಂದರೂ ನಡೆಯುತ್ತದೆ, ದುಡ್ಡು ಕೊಡಬೇಕಿಲ್ಲ, ಕೋಟಿ ಸಲ ಅದುಮಿದರೂ ದಣಿಯುವುದಿಲ್ಲ. ಅದುಮಿಸಿಕೊಂಡ ಶಕ್ತಿಯನ್ನು ಹೆಚ್ಚುಕಡಿಮೆ ಪೂರ್ತಿ ಹಿಂದಿರುಗಿಸುತ್ತದೆ. ಇಂಥದ್ದಕ್ಕೆ ಬದಲಿ ಹುಡುಕಹೊರಟವರ ಪಾಡು ಎಂಥದ್ದೆಂದು ಊಹಿಸಿ.

ಫ್ರಾನ್ಸ್‌ನ ಮಿಷೆಲಿನ್ ಕಂಪನಿ 2005ರಲ್ಲಿ 'ಟ್ವೀಲ್' ಎಂಬ ಚಕ್ರ ತೋರಿಸಿತು. ನೀವು ನೋಡಿದ್ದು ಅದರ ತಮ್ಮ 'ಅಪ್ಟಿಸ್' ಇರಬೇಕು. ಮಿಷೆಲಿನ್ ಮತ್ತು ಜನರಲ್ ಮೋಟರ್ಸ್ ಜೊತೆಯಾಗಿ 2019ರಲ್ಲಿ ಅದನ್ನು ಪ್ರಕಟಿಸಿದವು. ನಡುವೆ ಅಲ್ಯೂಮಿನಿಯಂ ರಿಮ್, ಹೊರಗೆ ರಬ್ಬರಿನ ಪಟ್ಟಿ, ಎರಡನ್ನೂ ಹಿಡಿದುಕೊಂಡ ಬಾಗುವ ಅರಗಳು. ಅರಗಳನ್ನು ಗಾಜಿನ ನಾರು ಸೇರಿಸಿದ ರಾಳದಿಂದ ಮಾಡುತ್ತಾರೆ. ಇಲ್ಲೊಂದು ಜಾಣತನವಿದೆ. ಕೆಳಗಿನ ಅರಗಳು ಭಾರ ಹೊರುತ್ತವೆ ಎಂದು ನೋಡಿದವರಿಗೆ ಅನಿಸುತ್ತದೆ. ಅವು ಹೊರುವುದಿಲ್ಲ, ಸುಮ್ಮನೆ ಮಡಚಿಕೊಳ್ಳುತ್ತವೆ. ಕಾರಿನ ಭಾರವೆಲ್ಲ ಮೇಲಿನ ಅರಗಳಿಗೆ ಜೋಕಾಲಿಯ ಹಾಗೆ ಜೋತುಬಿದ್ದಿರುತ್ತದೆ. ಅದಕ್ಕೇ ಕಲ್ಲು ಸಿಕ್ಕಿದ ಕಡೆ ಚಕ್ರ ಮೆತ್ತಗೆ ಬಗ್ಗುತ್ತದೆ. ಗಟ್ಟಿ ರಬ್ಬರಿನ ಚಕ್ರಕ್ಕೆ ಈ ಗುಣವಿಲ್ಲ, ಹಾಗಾಗಿ ಅದು ಗೋದಾಮಿನ ಫೋರ್ಕ್‌ಲಿಫ್ಟ್‌ಗೆ ಸರಿ, ಕಾರಿಗಲ್ಲ.

ಹಾಗಾದರೆ ತೊಡಕೆಲ್ಲಿ? ಮೊದಲನೆಯದು, ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ದೊಡ್ಡದು, ಬಿಸಿ. ಕಾರಿನ ಚಕ್ರದ ಸುತ್ತಳತೆ ಎರಡು ಮೀಟರಿಗೆ ತುಸು ಕಡಿಮೆ. ಗಂಟೆಗೆ 100 ಕಿ.ಮೀ. ವೇಗದಲ್ಲಿ ಅದು ಸೆಕೆಂಡಿಗೆ ಹದಿನಾಲ್ಕು, ಹದಿನೈದು ಸುತ್ತು ಹಾಕುತ್ತದೆ. ಅಂದರೆ ಪ್ರತಿಯೊಂದು ಅರವೂ ಸೆಕೆಂಡಿಗೆ ಅಷ್ಟು ಸಲ ಮಡಚಿ ಬಿಚ್ಚಿಕೊಳ್ಳಬೇಕು. ಬೆಂಗಳೂರಿನಿಂದ ನಿಮ್ಮ ಹಾಸನಕ್ಕೆ ಬರುವಷ್ಟರಲ್ಲಿ ಲಕ್ಷ ಸಲ ಸಮೀಪಿಸುತ್ತದೆ. ರಬ್ಬರು, ರಾಳ, ಪ್ಲಾಸ್ಟಿಕ್ ಯಾವುದೇ ಆಗಲಿ, ಬಗ್ಗಿದಾಗ ನುಂಗಿದ ಶಕ್ತಿಯನ್ನು ಪೂರ್ತಿ ವಾಪಸ್ಸು ಕೊಡುವುದಿಲ್ಲ. ಒಂದಿಷ್ಟನ್ನು ಬಿಸಿಯಾಗಿ ಉಳಿಸಿಕೊಳ್ಳುತ್ತದೆ. ದೂರದ ದಾರಿ ಮುಗಿಸಿ ಈಗಿನ ಟೈರನ್ನೇ ಮುಟ್ಟಿದರೂ ಬಿಸಿ ತಿಳಿಯುತ್ತದೆ. ಅದೂ ರಬ್ಬರಿನ ಬಿಸಿಯೇ. ಆದರೆ ಅಲ್ಲಿ ಹೆಚ್ಚಿನ ಕೆಲಸ ಗಾಳಿಯದು. ಇಲ್ಲಿ ಎಲ್ಲ ಕೆಲಸವೂ ಬಗ್ಗುವ ವಸ್ತುವಿನದೇ. ಬಿಸಿಯಾದ ರಾಳ ಸೋಲುತ್ತದೆ, ಕಳೆದ ಶಕ್ತಿಯ ದುಡ್ಡನ್ನು ನೀವು ಪೆಟ್ರೋಲಿನಲ್ಲೋ ಬ್ಯಾಟರಿಯಲ್ಲೋ ತೆರಬೇಕು.

ಎರಡನೆಯದು ಸದ್ದು. ಚಕ್ರದಲ್ಲಿ ಅರುವತ್ತು ಅರಗಳಿವೆ ಎನ್ನಿ. ಅದೇ ವೇಗದಲ್ಲಿ ಸೆಕೆಂಡಿಗೆ ಸುಮಾರು 900 ಅರಗಳು ಒಂದೊಂದಾಗಿ ನೆಲದ ಬಳಿ ಮಡಚಿಕೊಳ್ಳುತ್ತವೆ. ಕಿವಿಗೆ ಅದು ಗುಂಯ್‌ಗುಡುವಿಕೆ, ಸ್ಟೀರಿಂಗಿಗೆ ನಡುಕ. ಮೊದಲ ಟ್ವೀಲ್ ಮಾದರಿಗಳು ಗಂಟೆಗೆ 80 ಕಿ.ಮೀ. ದಾಟಿದರೆ ಸಾಕು, ನಡುಗುತ್ತಿದ್ದವು.

ಮೂರನೆಯದು ನಮ್ಮ ಕಡೆಯದೇ. ಮಲೆನಾಡಿನ ತೋಟದ ದಾರಿಯಲ್ಲಿ ಮಳೆಗಾಲದ ಜೇಡಿಮಣ್ಣು ಅರಗಳ ನಡುವೆ ಹೊಕ್ಕು ಒಣಗಿದರೆ ಚಕ್ರದ ಸಮತೂಕ ಕೆಡುತ್ತದೆ. ಜಲ್ಲಿಕಲ್ಲು ಸಿಕ್ಕಿಕೊಂಡರಂತೂ ಕೇಳುವುದೇ ಬೇಡ. ಇನ್ನು, ಮದುವೆಗೆ ಐದು ಜನ, ಡಿಕ್ಕಿ ತುಂಬ ಸಾಮಾನು ಹೇರಿಕೊಂಡು ಹೊರಟರೆ ಟೈರಿಗೆ ತುಸು ಹೆಚ್ಚು ಗಾಳಿ ಹೊಡೆಸುತ್ತೀರಿ. ಗಾಳಿಯಿಲ್ಲದ ಟೈರಿನ ಬಿಗಿ ಕಾರ್ಖಾನೆಯಲ್ಲಿ ಎಷ್ಟಿತ್ತೋ ಅಷ್ಟೇ.

ಇಷ್ಟು ಹೇಳಿದೆನೆಂದು ಇದು ಬರಿಯ ಪ್ರದರ್ಶನದ ಗೊಂಬೆ ಎಂದುಕೊಳ್ಳಬೇಡಿ. ನಿಧಾನ ಸಾಗುವ, ಆದರೆ ಕೆಟ್ಟು ನಿಂತರೆ ನಷ್ಟವಾಗುವ ವಾಹನಕ್ಕೆ ಇದು ಬಹಳ ಒಳ್ಳೆಯದು. ಹುಲ್ಲು ಕತ್ತರಿಸುವ ಯಂತ್ರಗಳಲ್ಲಿ, ಕಟ್ಟಡ ಕಾಮಗಾರಿಯ ಸಣ್ಣ ಲೋಡರ್‌ಗಳಲ್ಲಿ ಟ್ವೀಲ್ ವರ್ಷಗಳಿಂದ ಓಡುತ್ತಿದೆ. ಅದಕ್ಕೆಂದೇ 2014ರಲ್ಲಿ ಅಮೆರಿಕದ ಸೌತ್ ಕ್ಯಾರೊಲಿನಾದಲ್ಲಿ ಕಾರ್ಖಾನೆ ತೆರೆದರು. 2023ರಲ್ಲಿ ಸಿಂಗಪುರದಲ್ಲಿ ಡಿಎಚ್‌ಎಲ್ ಕಂಪನಿಯ ಪಾರ್ಸೆಲ್ ವ್ಯಾನುಗಳಿಗೆ ಅಪ್ಟಿಸ್ ಹಾಕುವ ಕೆಲಸ ಶುರುವಾಯಿತು. ಆಮೇಲೆ ಫ್ರಾನ್ಸ್‌ನ ಅಂಚೆ ವಾಹನಗಳ ಸರದಿ. ದಿನವಿಡೀ ಊರೊಳಗೇ ತಿರುಗುವ ವ್ಯಾನು ಪಂಕ್ಚರ್ ಆಗಿ ನಿಂತರೆ ನೂರಾರು ಮನೆಯ ಪಾರ್ಸೆಲ್ ತಡ; ವೇಗವೂ ಕಡಿಮೆ. ಲೆಕ್ಕ ಕೂಡಿಬರುತ್ತದೆ. ಜಪಾನಿನ ಬ್ರಿಜ್‌ಸ್ಟೋನ್ ಕೂಡ 2011ರಿಂದ ಇದೇ ಹಾದಿಯಲ್ಲಿದೆ. ಎಲ್ಲಕ್ಕಿಂತ ಹೆಸರಾದ ಗಾಳಿಯಿಲ್ಲದ ಚಕ್ರ ಓಡಿದ್ದು ಚಂದ್ರನ ಮೇಲೆ. 1971ರಲ್ಲಿ ಅಪೋಲೊ 15ರ ಗಗನಯಾತ್ರಿಗಳು ಓಡಿಸಿದ ಬಂಡಿಗೆ ಉಕ್ಕಿನ ತಂತಿ ಹೆಣೆದ ಚಕ್ರಗಳಿದ್ದವು. ಅಲ್ಲಿ ಪಂಕ್ಚರ್ ಅಂಗಡಿ ಇರಲಿಲ್ಲ ನಿಜ, ಆದರೆ ಆ ಬಂಡಿಯ ವೇಗವೂ ನಮ್ಮ ಸೈಕಲ್ಲಿನಷ್ಟೇ.

ಸಾಮಾನ್ಯ ಕಾರಿಗೆ ಅಪ್ಟಿಸ್ ಬೇಗನೆಂದರೆ 2024ಕ್ಕೆ ಬರುತ್ತದೆ ಎಂದಿದ್ದರು. ಆ ವರ್ಷ ಕಳೆಯಿತು, ನೀವು ನಾನು ಅಂಗಡಿಗೆ ಹೋಗಿ ಕೊಳ್ಳುವಂತೆ ಅದು ಬರಲಿಲ್ಲ. ಬಂದರೂ ನಮ್ಮಲ್ಲಿ ಇನ್ನೊಂದು ಬೇಲಿಯಿದೆ: 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 94ನೇ ನಿಯಮ ಮೋಟಾರು ವಾಹನಕ್ಕೆ ಗಾಳಿ ತುಂಬಿದ ಟೈರೇ ಇರಬೇಕೆನ್ನುತ್ತದೆ. ಅದನ್ನು ಬರೆದ ಕಾಲಕ್ಕೆ ಗಟ್ಟಿ ರಬ್ಬರಿನ ಚಕ್ರ ರಸ್ತೆ ಕೆಡಿಸುತ್ತದೆಂಬ ಚಿಂತೆ ಇದ್ದಿರಬಹುದು. ಏನೇ ಇರಲಿ, ನಿಯಮ ಬದಲಾಗದೆ ಈ ಟೈರು ನಿಮ್ಮ ಕಾರಿಗೆ ಬರಲಾರದು.

ಪಂಕ್ಚರ್ ಕಾಟವೇ ನಿಮ್ಮ ಚಿಂತೆಯಾದರೆ ಅದಕ್ಕೆ ಈಗಲೇ ಪರಿಹಾರಗಳಿವೆ. ಟ್ಯೂಬ್‌ಲೆಸ್ ಟೈರಿಗೆ ಮೊಳೆ ಹೊಕ್ಕರೂ ಗಾಳಿ ನಿಧಾನ ಇಳಿಯುತ್ತದೆ, ಅಂಗಡಿ ತಲುಪಲು ಸಮಯ ಸಿಗುತ್ತದೆ. ಒಳಗೆ ಅಂಟು ಬಳಿದು, ತೂತನ್ನು ತಾನೇ ಮುಚ್ಚಿಕೊಳ್ಳುವ ಟೈರುಗಳೂ ಇವೆ. ದುಬಾರಿ ಕಾರುಗಳ ರನ್‌ಫ್ಲಾಟ್ ಟೈರು ಗಾಳಿ ಪೂರ್ತಿ ಹೋದ ಮೇಲೂ 80 ಕಿ.ಮೀ. ವೇಗದೊಳಗೆ ಸುಮಾರು 80 ಕಿ.ಮೀ. ದೂರ ಒಯ್ಯುತ್ತದೆ, ಗಡುಸಾಗಿರುವುದರಿಂದ ಗುಂಡಿಬಿದ್ದ ರಸ್ತೆಯಲ್ಲಿ ಸೊಂಟಕ್ಕೆ ಅಷ್ಟು ಹಿತವಲ್ಲ.

ಇನ್ನು ನಿಮ್ಮ ಸವೆದ ಟೈರಿನ ವಿಷಯ. ಕಾರಿನ ಟೈರಿನ ಬಟನ್ ಕನಿಷ್ಠ 1.6 ಮಿಲಿಮೀಟರ್ ಆಳ ಇರಬೇಕೆಂದು ಕಾನೂನು ಹೇಳುತ್ತದೆ. ಗೀರುಗಳ ತಳದಲ್ಲಿ ಅಡ್ಡಲಾಗಿ ಸಣ್ಣ ರಬ್ಬರ್ ದಿಣ್ಣೆಗಳಿರುತ್ತವೆ. ಬಟನ್ ಅದರ ಮಟ್ಟಕ್ಕೆ ಇಳಿದಿದ್ದರೆ ಟೈರಿನ ಆಯುಸ್ಸು ಮುಗಿದಂತೆ. ಅಂಥ ಟೈರು ಮಳೆಯಲ್ಲಿ ಬ್ರೇಕಿಗೆ ನಿಲ್ಲುವುದಿಲ್ಲ. ಮಳೆಗಾಲಕ್ಕೆ ಮುಂಚೆ ನಾಲ್ಕನ್ನೂ ಬದಲಿಸಿ, ತಿಂಗಳಿಗೊಮ್ಮೆ ಬೆಳಗ್ಗೆ ಟೈರು ತಣ್ಣಗಿರುವಾಗ ಗಾಳಿ ನೋಡಿಸಿ, ಹಾಗೆಯೇ ಡಿಕ್ಕಿಯಲ್ಲಿ ಮರೆತು ಮಲಗಿಸಿರುವ ಸ್ಟೆಪ್ನಿಗೂ.